ತೆರೆಯ ಮೇಲೆ ಕಲಸಿಹೋದ ಬೆರಳುಗಳು

ಪ್ರೀತಿಯ ತಮ್ಮನಿಗೆ,

ಮೆಸೇಜಿನಲ್ಲಿ ಮುಗಿಯುವ ಸಿಟ್ಟಲ್ಲ, ಅದಕ್ಕೇ ಈ ಪತ್ರ. ನಿನ್ನೆ ವಿಡಿಯೋ ಕಾಲ್‌ನಲ್ಲಿ ನಾನು ಸನ್ನೆ ಮಾಡಿ ಹೇಳಿದ್ದು, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು ಎಂದು. ನೀನು ನಕ್ಕು ಹೆಬ್ಬೆರಳೆತ್ತಿದೆ. ಪಕ್ಕದಲ್ಲಿ ಮಲಗಿದ್ದ ಅಮ್ಮ, "ಏನಂತೆ, ಖುಷಿಯಾಯ್ತಂತಾ ಅವನಿಗೆ?" ಎಂದು ಕೈಯಾಡಿಸಿ ಕೇಳಿದಳು.

ಕಿವಿ ಕೇಳದ ನನಗೆ ಬೆರಳೇ ಮಾತು. ಹೋದ ತಿಂಗಳು ನೀನೇ ಕೊಚ್ಚಿಕೊಂಡೆ: ನಾವು ಮಾತಾಡುವ, ನೀನೇ ಬರೆದ ಈ ವಿಡಿಯೋ ಆ್ಯಪ್ ಚಿತ್ರದ ಒಂದೊಂದು ತುಣುಕೂ ಎತ್ತ ಸರಿಯಿತೆಂದು ಇನ್ನು ದೂರ ಹುಡುಕುವುದಿಲ್ಲ, ಆಸುಪಾಸಿನಲ್ಲಷ್ಟೇ ಹುಡುಕುತ್ತದೆ, ಲೆಕ್ಕ ಕಡಿಮೆ, ಫೋನು ಬಿಸಿಯಾಗುವುದಿಲ್ಲ ಎಂದು. ಸರಿಯಪ್ಪ. ಆದರೆ ನನ್ನ ಕೈ ಕಣ್ಣು ಮಿಟುಕಿಸುವಷ್ಟರಲ್ಲಿ ಹಣೆಯಿಂದ ಎದೆಗೆ ಇಳಿಯುತ್ತದೆ. ಆಸುಪಾಸಿನಲ್ಲಿ ಅದು ಸಿಗದೆ ನಿನ್ನ ತೆರೆಯ ಮೇಲೆ ಬೆರಳುಗಳೆಲ್ಲ ಕಲಸಿಹೋಗುತ್ತವೆ.

ಲೆಕ್ಕ ಉಳಿಸುವುದಿದ್ದರೆ ನನ್ನ ಹಿಂದಿನ ಗೋಡೆಯಲ್ಲಿ ಉಳಿಸು. ಅದು ಎಲ್ಲಿಗೂ ಹೋಗುವುದಿಲ್ಲ. ಕೈ ಇರುವ ಕಡೆ ದೂರದವರೆಗೂ ಹುಡುಕಲಿ. ಇದನ್ನು ಹೇಳಲು ನಾನೂ ಇಂಜಿನಿಯರಿಂಗ್ ಓದಬೇಕಿತ್ತೇ?

ಅಮ್ಮನ ಮೂಳೆ ಮುರಿದಿಲ್ಲ, ಪಾದ ಊದಿದೆ. ಶನಿವಾರ ಬಂದು ಬಚ್ಚಲಿಗೆ ಹಿಡಿಕೆ ಹಾಕಿಸಿಕೊಡು. ಈ ತಿಂಗಳಲ್ಲಿ ಅವಳು ಬಿದ್ದದ್ದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ನಿನಗೆ ವಿಡಿಯೋದಲ್ಲೇ ಹೇಳಿದ್ದೆ. ಎರಡು ಸಲವೂ ನೀನು ತಲೆಯಾಡಿಸಿದ್ದೆ.

ಇನ್ನೂ ಸಿಟ್ಟಿಳಿಯದ,
ಅಕ್ಕ