ದಾರಿ ಗಟ್ಟಿಯಾಗುವವರೆಗೆ

ಜನವರಿ 11, 2024

ನಾನು ದ್ಯಾಮಕ್ಕ. ಊರು ಕಾಯುವ ದೇವಿಯ ಹೆಸರು. ಗುಡೇಕೋಟೆಯಲ್ಲಿ ನಮ್ಮ ಹುಣಸೆ ತೋಪು ಎಲ್ಲಿ ಅಂದರೆ ಚಿಕ್ಕ ಮಕ್ಕಳೂ ತೋರಿಸುತ್ತಾರೆ. ಎಸ್ಸೆಸ್ಸೆಲ್ಸಿ ಪಾಸು, ನಮ್ಮ ಓಣಿಯಲ್ಲಿ ಮೊದಲ ಹೆಣ್ಣು. ಈ ಮನೆಯ ಕೂಸುಗಳಿಗೆ ಹೆಸರಿಡುವ ಬಾಯಿ ನನ್ನದು. ಬೇರೆ ಯಾರೂ ಇಟ್ಟಿಲ್ಲ.

ಇವತ್ತು ಹಣ್ಣು ಕುಟ್ಟುವವರು ಬಂದಿದ್ದರು. ಆಳುಗಳ ಮೇಸ್ತ್ರಿ ಉಚ್ಚಂಗೆಪ್ಪ ಬೀಜ, ನಾರು ಎಲ್ಲ ಒಂದೇ ಗುಡ್ಡೆ ಮಾಡಿಸಿದ್ದ. ಬೈದೆ.

ಸಂಜೆ ಕಟ್ಟೆಯ ಮೇಲೆ ಸೊಸೆ ಗೀತಮ್ಮನ ಜೊತೆ ವಾದ. ಕೂಡ್ಲಿಗಿಯಲ್ಲಿ ವಿಜ್ಞಾನದ ಟೀಚರ್. ಈಗ ಆರು ತಿಂಗಳ ಬಸುರಿ. ಗ್ರಹ ಒಂಬತ್ತು ಅಂದೆ. ಎಂಟು ಅಂದಳು. ಪ್ಲೂಟೊ ಈಗ ಕುಬ್ಜ ಗ್ರಹವಂತೆ, ಬೇರೆ ಸಾಲು.

"ಸಣ್ಣದಂತ ಹೊರಗ ಹಾಕಿದ್ರೇನು?"

"ಹೊರಗಲ್ರಿ ಅತ್ತಿ. ಸೂರ್ಯನ್ನ ಸುತ್ತತೈತಿ, ಗುಂಡಗೂ ಐತಿ. ತನ್ನ ದಾರಿಗಿರೋದನ್ನೆಲ್ಲ ತೆರವು ಮಾಡಿಕೊಂಡಿಲ್ಲ, ಅಷ್ಟ."

"ದಾರಿ ತೆರವು ಮಾಡದ ಸೊಸಿನೂ ಅದಾಳ ಇಲ್ಲಿ. ಚಪ್ಪಲಿ ಬಾಗಿಲದಾಗ ಬಿಟ್ಟಾಳ."

ನಕ್ಕಳು. ನಾನು ನಗಲಿಲ್ಲ.

ಜನವರಿ 19

ನೆಪ್ಚೂನಿನ ಆಚೆ ಪ್ಲೂಟೊನಂಥ ಪುಟ್ಟ ಲೋಕಗಳು ಸಾವಿರಾರು ಅಂತೆ, ಗೀತಮ್ಮ ಹೇಳಿದಳು. ಕಂಡ ಕೂಡಲೇ ಹೆಸರಿಡುವುದಿಲ್ಲ. ಕಂಡ ವರ್ಷ, ಎರಡು ಅಕ್ಷರ, ಅಂಕಿ — ತಾತ್ಕಾಲಿಕ ಗುರುತು. ವರ್ಷಗಟ್ಟಲೆ ನೋಡಿ, ಸುತ್ತುವ ದಾರಿ ಗಟ್ಟಿಯಾದ ಮೇಲೆ ಕಾಯಂ ನಂಬರು. ಆಮೇಲೆ ಹೆಸರು. ಕಂಡವರು ಸೂಚಿಸಬೇಕು, ಸಮಿತಿ ಒಪ್ಪಬೇಕು. ಕೆಲವಕ್ಕೆ ಸೃಷ್ಟಿ ಮಾಡಿದ ದೇವತೆಗಳ ಹೆಸರು, ಕೆಲವಕ್ಕೆ ಪಾತಾಳದ ದೇವತೆಗಳದು.

ನಮ್ಮ ಮನೆಯ ಪದ್ಧತಿಯೂ ಅದೇ ಅಂದೆ. ಕತ್ತು ನಿಲ್ಲುವವರೆಗೆ ಕೂಸಿಗೆ ಹೆಸರಿಲ್ಲ. ಮೊದಲೇ ಇಟ್ಟರೆ ಸಾವಿಗೆ ಕರೆಯಲು ಗುರುತು ಸಿಗುತ್ತದೆ. ಬದುಕಿದ್ದವರ ಹೆಸರೂ ಇಡುವುದಿಲ್ಲ. ಹಿರಿಯರು ಹೋಗಬೇಕು, ಹೆಸರು ಖಾಲಿಯಾಗಬೇಕು.

ದಾರಿ ಗೊತ್ತಾಗುವ ಮೊದಲೇ ಕಣ್ಮರೆಯಾದರೆ ಏನು, ಕೇಳಿದೆ. ಕಳೆದುಹೋಯಿತು ಅಂತ ಲೆಕ್ಕ, ಅಂದಳು. ಗುರುತು ಮಾತ್ರ ಉಳಿಯುತ್ತದೆ.

ಫೆಬ್ರವರಿ 6, ಬಳ್ಳಾರಿ

ದಿನ ತುಂಬುವ ಮೊದಲೇ ಹೆರಿಗೆ. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನನ್ನ ಎರಡು ಅಂಗೈ ಸೇರಿಸಿದಷ್ಟು ಉದ್ದ. ಕಾಲಿಗೆ ಪಟ್ಟಿ — 'ಬೇಬಿ ಆಫ್ ಗೀತಮ್ಮ', ತಾರೀಖು, ನಂಬರು. ಮಗ ಮೌನೇಶ್ ಗೋಡೆಗೆ ಒರಗಿ ಕೂತಿದ್ದಾನೆ. ಚಹಾ ತಂದುಕೊಟ್ಟೆ. ಆರಿಹೋಯಿತು.

ಫೆಬ್ರವರಿ 9

ಗೀತಮ್ಮ ಬೇಡಿಕೊಂಡಳು. ಮದುವೆಯಾಗಿ ಬಂದಾಗಿನಿಂದ ನನ್ನಲ್ಲಿ ಏನನ್ನೂ ಬೇಡಿದವಳಲ್ಲ.

"ಅತ್ತಿ, ಒಂದು ಹೆಸರು ಕೊಡ್ರಿ. ಪೆಟ್ಟಿಗಿಯೊಳಗ ಕೈ ಹಾಕಾಕ ಬಿಡ್ತಾರ. ಏನಂತ ಕರೀಲಿ?"

"ಕೂಸ ಅನ್ನು."

"ಅಲ್ಲಿರೋವೆಲ್ಲ ಕೂಸ ಅದಾವಲ್ರಿ."

"ನಿಮ್ಮ ಆಕಾಶ ನೋಡೋ ದೊಡ್ಡವ್ರು ಸೈತ ದಾರಿ ಗಟ್ಟಿ ಆಗೋತನಕ ಇಡಂಗಿಲ್ಲ ಅಂತ ನೀನ ಹೇಳಿದ್ದಿ."

ಆಮೇಲೆ ಅವಳು ನನ್ನ ಕಡೆ ನೋಡಲಿಲ್ಲ. ಮೌನೇಶ್ ಏನೋ ಹೇಳಲು ಬಾಯಿ ತೆರೆದ. ದಿಟ್ಟಿಸಿದೆ. ಎದ್ದು ಹೊರಗೆ ಹೋದ.

ಫೆಬ್ರವರಿ 11

ಹೋಯಿತು.

ಫೆಬ್ರವರಿ 12, ಗುಡೇಕೋಟೆ

ತೋಪಿನ ಅಂಚಿನಲ್ಲಿ ಮಣ್ಣು ಮಾಡಿದೆವು. ಹೆಸರಿಲ್ಲದ ಕೂಸಿಗೆ ಕಲ್ಲಿಲ್ಲ, ದೀಪವಿಲ್ಲ. ಅದೂ ಪದ್ಧತಿ.

ನಾನು ಹೆಸರಿಡಲಿಲ್ಲವಲ್ಲ. ಆದರೂ ಸಾವಿಗೆ ಗುರುತು ಹೇಗೆ ಸಿಕ್ಕಿತು? ಕಾಲಿನ ಪಟ್ಟಿ ಓದಿಕೊಂಡಿತೇ...

ಮಾರ್ಚ್ 3

ಗೀತಮ್ಮ ಮಾತಾಡುವುದಿಲ್ಲ. ಉಣ್ಣು ಅಂದರೆ ಉಣ್ಣುತ್ತಾಳೆ. ಮಧ್ಯಾಹ್ನ ತೋಪಿಗೆ ಹೋಗಿ ಕೂರುತ್ತಾಳೆ.

"ಅಕ್ಕಾರ, ಸಣ್ಣಮ್ಮಾರು ಬರೇ ನೆಲ ನೋಡಿಕೊಂತ ಕುಂತಿರ್ತಾರ್ರಿ," ಅಂದ ಉಚ್ಚಂಗೆಪ್ಪ. "ಅತ್ತಿದ್ರ ಹಗುರಾಗ್ತಿತ್ತು."

ಹೇಗೆ ಅತ್ತಾಳು? ನಮ್ಮ ಹೆಂಗಸರು ಹೆಸರು ಹಿಡಿದು, ಹಾಡಿಕೊಂಡು ಅಳುತ್ತಾರೆ. ಇವಳಿಗೆ ಹಿಡಿಯಲು ಹೆಸರೇ ಇಲ್ಲ. ನಾನು ಕೊಡಲಿಲ್ಲ.

ನಮ್ಮ ಸತ್ತವರ ಹೆಸರನ್ನೆಲ್ಲ ನೆನೆದೆ. ಎಲ್ಲವೂ ಉಂಡು, ಹೆತ್ತು, ಜಗಳಾಡಿ, ಮುದುಕರಾಗಿ ಹೋದವರದು. ಆ ಅಂಗೈಯಷ್ಟು ಜೀವಕ್ಕೆ ಯಾವುದೂ ಒಗ್ಗಲಿಲ್ಲ. ಊರು ಕಾಯುವ ದೇವಿಯ ಹೆಸರೊಂದಿದೆ. ಅದು ಖಾಲಿಯಿಲ್ಲ.

ಮಾರ್ಚ್ 5, ಬೆಳಿಗ್ಗೆ

ಮುಗಿಸಿ ಬಂದೆ.

ಗೀತಮ್ಮನ ಕೈ ಹಿಡಿದು ತೋಪಿಗೆ ಕರೆದೊಯ್ದೆ. ಮೌನೇಶನಿಂದ ಕಲ್ಲು ನೆಡಿಸಿದೆ. ಮೊಣಕಾಲೂರಿ, ಮಣ್ಣಿಗೆ ಬಾಯಿ ಹಚ್ಚಿ, ತೊಟ್ಟಿಲ ಕೂಸಿನ ಕಿವಿಯಲ್ಲಿ ಹೇಳುವ ಹಾಗೆ ಮೂರು ಸಲ ಹೇಳಿದೆ — ದ್ಯಾಮಕ್ಕ.

"ಅತ್ತಿ, ಅದು ನಿಮ್ಮ ಹೆಸರಲ್ರಿ. ನೀವಿನ್ನೂ ಅದೀರಿ."

"ಇನ್ನ ಅದು ಆಕಿದು. ಕರಿ."

ಕರೆದಳು. ಕರೆಯುತ್ತಾ ಅತ್ತಳು. ಹಣ್ಣು ಕುಟ್ಟುವವರ ಕೈಗಳು ನಿಂತವು. ನಾನು ಬೈಯಲಿಲ್ಲ. ಅಳಲೂ ಇಲ್ಲ. ನನಗೆ ಅಳು ಬರುವುದಿಲ್ಲ.

ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ಇನ್ನು ನನ್ನನ್ನು ಆ ಹೆಸರಿನಿಂದ ಕರೆಯಕೂಡದು. ಮತ್ತೇನಂತ ಕರೆಯುವುದು, ಮೌನೇಶ್ ಕೇಳಿದ. ವರ್ಷ, ಎರಡು ಅಕ್ಷರ, ಹೆಸರಿಲ್ಲದ ಆ ಪುಟ್ಟ ಲೋಕಗಳ ಹಾಗೆ. ನನಗೆ ಅಷ್ಟು ಸಾಕು.

ಅಂಗಳದಲ್ಲಿ ಮೌಲಾಹುಸೇನ ಬಂದು ನಿಂತಿದ್ದಾನೆ. ಕೊಟ್ಟೂರಿನ ಹುಣಸೆ ವ್ಯಾಪಾರಿ, ಅವನಿಗೆ ಏನೂ ಗೊತ್ತಿಲ್ಲ. 'ದ್ಯಾಮಕ್ಕಾರ' ಅಂತ ಕೂಗಿದ. ಇನ್ನೊಮ್ಮೆ ಕೂಗಿದ. ಓಗೊಟ್ಟಿಲ್ಲ. ಅವನು ಕರೆಯುತ್ತಿರುವವಳು ತೋಪಿನಲ್ಲಿ ಮಲಗಿದ್ದಾಳೆ.