ಬಿಟ್ಟ ಹನ್ನೊಂದು ಚೆಂಡು

ಲಾ ಸೇಯ್ಬಾ ಕಬ್ಬಿನ ಕೂಲಿ ಲೈನು, ಸಾನ್ ಪೆದ್ರೊ
ಗುರುವಾರ, ಫೆಬ್ರವರಿ ೧೨

ಫೆರ್ಮಿನ್,

ನಿಮ್ಮ ಶಿಬಿರದವರು ಮಗನಿಗೆ ಮಧ್ಯಾಹ್ನದ ಮೇಲೆ ಶಾಲೆ ಎಂದಿರಿ; ಶಾಲೆ ಇಲ್ಲ. ಭಾನುವಾರ ಮನೆಗೆ ಕಳಿಸುತ್ತೇವೆ ಎಂದಿರಿ; ಕಳಿಸಲಿಲ್ಲ. ಪರೀಕ್ಷೆಯಲ್ಲಿ ಮೂವತ್ತು ಚೆಂಡು ಎಸೆಯುತ್ತೇವೆ ಎಂದಿರಿ, ಹದಿನಾಲ್ಕಕ್ಕೆ ನಿಲ್ಲಿಸಿದಿರಿ. ವರದಿ ತಾಯಿಯ ಕೈಗೆ ಎಂದಿರಿ. ಅದು ನಿಮ್ಮ ಬೇಸ್‌ಬಾಲ್ ಶಿಬಿರದ ಅಡುಗೆಯವಳ ಬಾಯಿಂದ ನನಗೆ ತಲುಪಿತು.

"ಹೊಡೆದದ್ದು ಮೂರು, ಮೂರೂ ಬೇಲಿಯಾಚೆ. ಬಿಟ್ಟದ್ದು ಹನ್ನೊಂದು. ಪುಕ್ಕಲ. ಭವಿಷ್ಯವಿಲ್ಲ."

ಹದಿನಾರರ ಹುಡುಗನ ಭವಿಷ್ಯವನ್ನು ಹೀಗೆ ಬರೆದ ತರಬೇತುದಾರ ನೀನು. ಅವನಪ್ಪ.

ಅಮೆರಿಕದ ತಂಡದವರು ನೋಡುತ್ತಿದ್ದರೆ ನಮ್ಮ ಹುಡುಗರು ಹಾರುವ ಕಾಗೆಗೂ ಬ್ಯಾಟು ಬೀಸುತ್ತಾರೆ. ಚೆಂಡು ಬಿಟ್ಟವನನ್ನು ಯಾರೂ ಕೊಳ್ಳುವುದಿಲ್ಲ. ನಮ್ಮ ಮಗ ವಿಲ್ನರ್‌ಗೆ ಇದು ಗೊತ್ತಿಲ್ಲವೇ? ಪಕ್ಕದ ಮನೆಯ ಮುದುಕ ತಿಲುಸ್ ನಲ್ಲಿಯ ಹತ್ತಿರ ಎಲ್ಲರೆದುರು ಕಿಚಾಯಿಸಿದ: "ಏನವ್ವಾ ಎಲುಪಿನಾ, ನೀನು ಗಂಡನ್ನ ಬಿಟ್ಟೆ, ಮಗ ಚೆಂಡು ಬಿಟ್ಟ. ಬಿಡೋದು ನಿಮ್ಮನೇಲಿ ಅಂಟುರೋಗಾನಾ?" ನಾನೂ ನಕ್ಕೆ. ಕೊಡ ಅಲ್ಲೇ ಮರೆತು ಬಂದೆ.

ನೀರಿನ ಕ್ಯಾನಿನ ಮುಚ್ಚಳ ಎಸೆದು, ಪೊರಕೆ ಕೋಲಿನಲ್ಲಿ ಹೊಡೆಸಿ ಅವನನ್ನು ಬೆಳೆಸಿದವಳು ನಾನು. ಗಾಳಿಯಲ್ಲಿ ಮುಚ್ಚಳ ಎತ್ತ ತಿರುಗುತ್ತದೆಂದು ಅವನಿಗೆ ಮೊದಲೇ ತಿಳಿಯುತ್ತಿತ್ತು. ಅಂಥ ಕಣ್ಣಿನವನು ಪುಕ್ಕಲನೇ? ಬೆಳಿಗ್ಗೆ ಅಲ್ಲ ಎನಿಸುತ್ತದೆ. ಸಂಜೆಗೆ ಹೌದೇನೋ ಎನಿಸುತ್ತದೆ. ಮನೆಗೆ ಮರಳಿದವನನ್ನು ಕೇಳಿದರೆ ಒಂದೇ ಮಾತು: "ಅಪ್ಪ ಹಿಂದೇನೇ ನಿಂತಿದ್ನಲ್ಲ, ಅವನ್ನೇ ಕೇಳಮ್ಮಾ."

ಕಬ್ಬಿನ ಕೂಲಿಗಳ ಮುಷ್ಕರದಲ್ಲಿ ಇಪ್ಪತ್ತು ದಿನ ಕಂಪನಿಯ ಕಾವಲುಗಾರರ ಎದುರು ನಿಂತವಳು ನಾನು. ಅಂದು ಅನುಮಾನ ಎಂಬುದೇ ಇರಲಿಲ್ಲ. ನಿಮ್ಮ ಶಿಬಿರ ಮಕ್ಕಳನ್ನು ಕಬ್ಬಿನ ಹಾಗೆ ತೂಗುತ್ತದೆ, ರಸವಿದ್ದರೆ ಗಾಣಕ್ಕೆ, ಇಲ್ಲದಿದ್ದರೆ ಬದುವಿಗೆ. ಇದನ್ನು ಯಾವ ಸಭೆಯಲ್ಲಿ ಬೇಕಾದರೂ ಕೂಗಿ ಹೇಳುತ್ತೇನೆ. ಈಗ ನೋಡಿದರೆ, ನನ್ನ ಮಗನನ್ನು ಸರಿಯಾಗಿ ತೂಗಲಿಲ್ಲ ಎಂದು ನಿನ್ನ ಮೇಲೆ ಜಗಳಕ್ಕೆ ಬಂದಿದ್ದೇನೆ! ಇದೆಂಥ ಹೋರಾಟವೋ ನನಗೇ ತಿಳಿಯದು.

ಒಂದೇ ಪ್ರಶ್ನೆ. ಅವನು ಬಿಟ್ಟ ಹನ್ನೊಂದು ಚೆಂಡು ಬ್ಯಾಟಿಗೆ ಸಿಗುವಂತೆ ಬಂದು ಹೊಡೆಯುವಂಥವೇ, ದಾರಿ ತಪ್ಪಿ ಬಂದು ಬಿಡುವಂಥವೇ? ಅದನ್ನು ನೀನು ಬರೆದಿಲ್ಲ.

ವಿಲ್ನರ್‌ನ ತಾಯಿ,
ಎಲುಪಿನಾ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಶಿಬಿರದ ಬೇಲಿ ಸಂದಿಯಲ್ಲಿ ಅವನ ಕೈ ಹಿಡಿದು ಹೇಳಿದ್ದೆ: "ಒಂದನ್ನೂ ಹೊಡೀಬೇಡ ಮಗಾ. ಅಮೆರಿಕದವ್ರು ನಿನ್ನ ಕರ್ಕೊಂಡ್ ಹೋಗ್ತಾರೆ." ನಾನು ಆಟ ನೋಡದೆ ಹೊರಟುಬಂದೆ. ಆ ಹನ್ನೊಂದೂ ಒಳ್ಳೆಯ ಚೆಂಡುಗಳಾಗಿದ್ದರೆ, ಅವನ ಬದುಕು ಕೆಡಿಸಿದವಳು ನಾನು. ಕೆಟ್ಟವಾಗಿದ್ದರೆ, ಅವನು ನನ್ನ ಮಾತು ಕೇಳಲೇ ಇಲ್ಲ, ಹೊಡೆಯುವಂಥ ಮೂರನ್ನೂ ಹೊಡೆದ, ಅಂಥ ಕಣ್ಣು ಈ ದ್ವೀಪದಲ್ಲಿ ಇನ್ನೊಂದಿಲ್ಲ. ಯಾವುದಾಗಿರಲಿ ಎಂದು ಬೇಡಿಕೊಳ್ಳಲಿ? ನೀನೇ ಬಂದು ಅವನಿಗೆ ಎಸೆ. ಈ ಸಲ ಆಟಕ್ಕೆ ಮೊದಲು ಅವನ ಹತ್ತಿರ ನಾನು ಸುಳಿಯುವುದಿಲ್ಲ. ಕಬ್ಬು ತೂಗುವ ಕಟ್ಟೆಯ ಹಿಂದಿನ ಮೈದಾನ, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ.