ನೂರರಲ್ಲಿ ಉಳಿದ ಎರಡು

ತುಮಕೂರು
೧೪ ಜುಲೈ ೨೦೨೪

ಮಗಳು ಸುಶ್ಮಿತಾಗೆ ಅಮ್ಮ ಮಾಡುವ ಆಶೀರ್ವಾದ.

ನಾವಿಲ್ಲಿ ಕ್ಷೇಮ. ನೀನು ಕ್ಷೇಮ ಅಂತ ಟೀವಿ ನೋಡಿ ತಿಳಿದುಕೊಂಡೆವು. ನಿಮ್ಮ ರಾಕೆಟ್ ಹಾರಿ ಇಷ್ಟು ದಿನದ ಮೇಲೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಗುಬ್ಬಿ ಶಾಲೆಗೆ ಪಾಠಕ್ಕೆ ಹೋಗಿ ಬರುವುದರಲ್ಲೇ ಹೊತ್ತು ಮುಗಿಯುತ್ತದೆ, ಕಾಗದ ಬರೆಯುವ ರೂಢಿಯೂ ತಪ್ಪಿದೆ. ಫೋನಿನಲ್ಲಿ ಹೇಳೋಣವೆಂದರೆ "ಊಟ ಆಯ್ತಾಮ್ಮ" ಎನ್ನುವುದರ ಆಚೆಗೆ ನೀನು ಮಾತು ಬೆಳೆಯಲು ಬಿಡುವುದಿಲ್ಲ.

ರಾಕೆಟ್ ಹಾರಿದ ದಿನ ಮನೆ ತುಂಬ ಜನ. ಕುಣಿಗಲ್ಲಿನಿಂದ ಅಣ್ಣಯ್ಯಪ್ಪನೂ ಬಂದಿದ್ದ, ನಿಮ್ಮಪ್ಪ ಓಡಿಸುತ್ತಿದ್ದ ಬಸ್ಸಿನ ಕಂಡಕ್ಟರ್. ರಾಕೆಟ್ ಮೇಲೆದ್ದಾಗ ಕೂತಲ್ಲೇ "ರೈಟ್, ರೈಟ್!" ಎಂದು ಕೂಗಿದ. ಎಲ್ಲರೂ ನಕ್ಕೆವು. ಆಮೇಲೆ ಚಪ್ಪಾಳೆ ತಟ್ಟುವವರ ಹಿಂದಿನ ಸಾಲಿನಲ್ಲಿ ನೀನು ಕಾಣಿಸಿದೆ. "ಅಕ್ಕ ನಗ್ತಾನೇ ಇಲ್ವಲ್ಲಮ್ಮ" ಅಂದಳು ನಿನ್ನ ತಂಗಿ ಮೋನಿಕಾ. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ಅಣ್ಣಯ್ಯಪ್ಪ ಬಸ್ಸಿನ ಕತೆ ತೆಗೆದ. ನಿನ್ನ ಕೆಲಸ ಏನಂತ ತಿಳಿಸಲು ನೀನು ಅಪ್ಪನ ನಿಟ್ಟೂರು ಬಸ್ಸನ್ನೇ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿದ್ದೆಯಲ್ಲ, ಅದು. ರಾಕೆಟ್ ಹಾರಿಸುವ ಮೊದಲು ಗಾಳಿ, ತೂಕ, ಇಂಜಿನ್ನಿನ ಬಲ ಎಲ್ಲವನ್ನೂ ಡಬ್ಬಿಯಿಂದ ಚೀಟಿ ಎತ್ತಿದ ಹಾಗೆ ಸಲಕ್ಕೊಂದು ಥರ ಬದಲಾಯಿಸಿ, ಸಾವಿರ ಸಲ ಕಂಪ್ಯೂಟರಿನಲ್ಲೇ ಹಾರಿಸುತ್ತೀವಿ, ಎಷ್ಟು ಸಲ ದಾರಿ ತಪ್ಪುತ್ತದೆ ನೋಡುತ್ತೀವಿ ಅಂದಿದ್ದೆ. ಬಸ್ಸಿಗೆ ಮಳೆ, ಗುಬ್ಬಿ ಸಂತೆಯ ಜನ, ರೈಲ್ವೆ ಗೇಟು ಹಾಕಿದ್ದೆ. "ಸಾವ್ರ ಸಲ ಓಡ್ಸವ್ಳೆ ಕಣ್ಲಾ, ಒಂದ್ಸಲಾನೂ ಟೈಮಿಗೆ ಹೋಗಿಲ್ಲ! ಡಿಪೋದವ್ರಿಗೆ ತೋರಿಸ್ಬೇಕು" ಎಂದು ಅಪ್ಪ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ್ದರಂತೆ.

ನಿನ್ನ ಲೆಕ್ಕದ ಮೇಲೆ ಅವರಿಗೆ ನಂಬಿಕೆ ಹುಟ್ಟಿದ್ದೇ ಆ ಬಸ್ಸಿನಿಂದ. ಹೃದಯದ ಆಪರೇಷನ್ ಅಂದರೆ ಹೆದರಿ ಕೂತಿದ್ದ ಮನುಷ್ಯ. ನೂರಕ್ಕೆ ತೊಂಬತ್ತೆಂಟು ಜನ ಚೆನ್ನಾಗಿ ಎದ್ದು ಬರುತ್ತಾರೆ ಅಂತ ಡಾಕ್ಟರು ಹೇಳಿದರೂ "ಮಾತ್ರೇಲೇ ಇರ್ತೀನಿ ಬುಡಿ" ಅಂದಿದ್ದರು. ನೀನು ಅವರ ಕೈ ಹಿಡಿದು, "ತೊಂಬತ್ತೆಂಟು ಬಂದ್ರೆ ನಾವು ಧೈರ್ಯವಾಗಿ ಹಾರಿಸ್ತೀವಿ ಅಪ್ಪ" ಅಂದೆ. ನಕ್ಕು ಒಪ್ಪಿದರು. ಆಪರೇಷನ್ ಆದ ಮೂರನೆಯ ದಿನ ಹೋಗಿಬಿಟ್ಟರು.

ಕಾರ್ಯ ಮುಗಿಸಿಕೊಂಡು ಹೋದವಳು ನೀನು ಈ ಕಡೆ ತಲೆ ಹಾಕಿಲ್ಲ, ಯುಗಾದಿಗೂ ಬರಲಿಲ್ಲ. ಮುಂದಿನ ತಿಂಗಳು ವರ್ಷದ ತಿಥಿ. ಮೋನಿಕಾ ಕೇಳಿದ್ದಕ್ಕೆ ರಜೆ ಸಿಗಲ್ಲ ಅಂದೆಯಂತೆ. ರಾಕೆಟ್ ಹಾರಿ ಆಯಿತಲ್ಲ, ಇನ್ನು ರಜೆಗೇನು ಬರ? ಮಕ್ಕಳು ಹೊಟ್ಟೆನೋವು ಅಂತ ಸುಳ್ಳು ಹೇಳುವುದನ್ನು ಇಷ್ಟು ವರ್ಷ ಕೇಳಿದವಳಿಗೆ ಇಷ್ಟೂ ಗೊತ್ತಾಗುವುದಿಲ್ಲವೇ? ನೀನು ಯಾಕೆ ಬರುತ್ತಿಲ್ಲ ಅಂತ ನನಗೆ ಗೊತ್ತು. ಇಲ್ಲಿ ಯಾರೂ ನಿನ್ನನ್ನು ಒಂದು ಮಾತು ಅಂದಿಲ್ಲ. ಹಣೆಬರಹಕ್ಕೆ ಹೊಣೆ ಯಾರು? ನನ್ನ ಮನಸ್ಸಿನಲ್ಲೂ ಏನೂ ಇಲ್ಲ. ಬಂದು ಅಪ್ಪನಿಗೆ ಎಡೆ ಇಟ್ಟು ಹೋಗು.

ಹೊತ್ತು ಹೊತ್ತಿಗೆ ಊಟ ಮಾಡು, ಟೀವಿಯಲ್ಲಿ ತೀರಾ ಸೊರಗಿ ಕಂಡೆ. ನೀನು ಕೈ ಹಾಕಿದ ಕೆಲಸವೆಲ್ಲ ನೆಟ್ಟಗಾಗಲಿ, ತಾಯಿ.

ನಿನ್ನ ಅಮ್ಮ,
ಶಶಿರೇಖಾ

ತಾ.ಕ.: ಕವರ್ ಅಂಟಿಸಲು ಹೋಗಿ ಮತ್ತೆ ತೆಗೆದೆ. ಮನಸ್ಸಿನಲ್ಲಿ ಏನೂ ಇಲ್ಲ ಅಂತ ಬರೆದೆನಲ್ಲ, ಅದು ಸುಳ್ಳು. ನನಗೆ ನಿನ್ನ ಮೇಲೆ ಮೈ ಉರಿಯುವಷ್ಟು ಸಿಟ್ಟಿದೆ. ನಿನ್ನ ತಪ್ಪಿಲ್ಲ ಅಂತ ಎಷ್ಟು ಹೇಳಿಕೊಂಡರೂ ಸಿಟ್ಟು ಕೇಳುವುದಿಲ್ಲ. ನಿಮಗೆ ಸಾವಿರ ಸಲ ಹಾರಿಸಿ ನೋಡಬಹುದು, ನನಗೆ ಇದ್ದವರು ಅವರೊಬ್ಬರೇ. ಅವರು ಹೋದಾಗಿನಿಂದ ನಾನು ಅತ್ತಿಲ್ಲ ಕಣೇ. ಗಟ್ಟಿ ಹೆಂಗಸು ಅಂತ ಬೀದಿಯವರೆಲ್ಲ ಹೊಗಳುತ್ತಾರೆ. ನಿನ್ನ ಎದುರಿಗೆ ಕೂತು ಬಾಯಿಗೆ ಬಂದ ಹಾಗೆ ಬೈಯಬೇಕು ನಾನು. ಬೈಸಿಕೊಳ್ಳುವುದಕ್ಕಾದರೂ ಬಾ, ಸುಶ್ಮಿ. ಬೈಯದೆ ನನಗೆ ಅಳು ಬರುತ್ತಿಲ್ಲ.